ಟ್ರ್ಯಾಕ್ಷನ್ ಲೈಟ್ ಹತ್ತಿದೆಯಾ? ಪಕ್ಕದಲ್ಲಿ ಇನ್ಯಾವುದು ಹತ್ತಿದೆ ಅಂತ ಮೊದಲು ನೋಡಿ

ಮಳೆ ಶುರುವಾಯಿತೆಂದರೆ ಪುಣೆ, ಮುಂಬೈ, ಗೋವಾ ಕಡೆಯ ನಮ್ಮವರ ವಾಟ್ಸಾಪ್ ಗುಂಪುಗಳಿಗೆ ಒಂದು ಫೋಟೊ ತಪ್ಪದೆ ಬರುತ್ತದೆ. ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಪುಟ್ಟ ಕಾರು, ಅದರಡಿ ಸೊಟ್ಟಸೊಟ್ಟ ಎರಡು ಗೆರೆ. ಜೊತೆಗೊಂದು ಪ್ರಶ್ನೆ: "ನಾಳೆ ಬೆಳಗಾವಿಗೆ ಹೊರಡಬೇಕು, ಹೋಗಬಹುದಾ?" ಒಬ್ಬರು ಬ್ಯಾಟರಿ ಬಿಚ್ಚಿ ಹಾಕಿ ಅಂತಾರೆ, ಇನ್ನೊಬ್ಬರು ಸೆನ್ಸರ್ ಹೋಗಿದೆ ಅಂತಾರೆ, ಮತ್ತೊಬ್ಬರು ಸುಮ್ನೆ ಬಿಡ್ರೀ ಏನೂ ಆಗಲ್ಲ ಅಂತಾರೆ. ಮೂವರಲ್ಲಿ ಯಾರು ಸರಿ ಅನ್ನೋದು ಆ ಫೋಟೊದಲ್ಲೇ ಇರುತ್ತದೆ. ಪಕ್ಕದಲ್ಲಿ ಇನ್ಯಾವ ಲೈಟ್ ಹತ್ತಿದೆ ಅಂತ ನೋಡಬೇಕು, ಅಷ್ಟೇ.

ಆ ಪುಟ್ಟ ಕಾರು ಟ್ರ್ಯಾಕ್ಷನ್ ಕಂಟ್ರೋಲಿನ ಲೈಟು, ಅಂದರೆ ಎಂಜಿನ್ ಎಳೆಯುವ ಚಕ್ರ ಜಾರಿ ಸುಮ್ಮನೆ ಸುತ್ತದಂತೆ ತಡೆಯುವ ವ್ಯವಸ್ಥೆಯದು. ಪಕ್ಕದ ಲೈಟ್ ನೋಡಬೇಕು ಯಾಕೆಂದರೆ ಅದಕ್ಕೆ ಸ್ವಂತದ ಬಿಡಿಭಾಗ ಹೆಚ್ಚೇನೂ ಇಲ್ಲ. ಹೆಚ್ಚುಕಡಿಮೆ ಎಲ್ಲಾ ಸಾಲ ತಂದದ್ದು. ನಾಲ್ಕೂ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿವೆ ಅಂತ ಹೇಳುವ ಸೆನ್ಸರ್‌ಗಳು ಎಬಿಎಸ್‌ನವು (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ). ಲೆಕ್ಕ ಹಾಕುವ ಪೆಟ್ಟಿಗೆಯೂ ಎಬಿಎಸ್‌ನದೇ. ಎಂಜಿನ್ ಎಳೆಯುವ ಚಕ್ರ ಉಳಿದವಕ್ಕಿಂತ ಜೋರಾಗಿ ತಿರುಗಿತು ಅಂದರೆ ಅದು ಜಾರುತ್ತಿದೆ ಅಂತ ಅರ್ಥ. ಆಗ ಎರಡು ಕೆಲಸ ಆಗುತ್ತದೆ. ಒಂದು, ಎಬಿಎಸ್ ಪಂಪು ಆ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಎಂಜಿನ್ ಬಲವನ್ನು ಎಡ, ಬಲ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್‌ನ ಗುಣವೇ ಹಾಗೆ, ಸುಲಭವಾಗಿ ತಿರುಗುವ ಚಕ್ರದ ಕಡೆಗೇ ಎಂಜಿನ್ನಿನ ಶ್ರಮವೆಲ್ಲ ಹರಿದುಹೋಗುತ್ತದೆ, ಅದನ್ನು ಹಿಡಿದರೆ ತಾನೇ ನೆಲ ಕಚ್ಚಿರುವ ಇನ್ನೊಂದು ಚಕ್ರಕ್ಕೆ ಬಲ ಸಿಗೋದು. ಎರಡು, ಎಂಜಿನ್ ಕಂಪ್ಯೂಟರಿಗೆ ಸಂದೇಶ ಹೋಗುತ್ತದೆ, ಅದು ಥ್ರಾಟಲ್ ಸ್ವಲ್ಪ ಮುಚ್ಚಿ ಶಕ್ತಿ ಇಳಿಸುತ್ತದೆ. ನೀವು ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದರೂ ಸರಿ.

ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಬಂದದ್ದು 1978ರಲ್ಲಿ. ಟ್ರ್ಯಾಕ್ಷನ್ ಕಂಟ್ರೋಲನ್ನು ಆಮೇಲೆ ಅದರ ಮೇಲೇ ಕಟ್ಟಿದರು. 1995ರಲ್ಲಿ ಬಂದ, ತಿರುವಿನಲ್ಲಿ ಕಾರು ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ ಕೂಡ ಅದೇ ಅಡಿಪಾಯದ ಮೇಲಿನ ಇನ್ನೊಂದು ಮಹಡಿ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ ಕಡ್ಡಾಯವಾಗಿದೆ. ಹಾಗಾಗಿ ಆಮೇಲೆ ಕೊಂಡ ಕಾರಿನಲ್ಲಿ ಚಕ್ರದ ಸೆನ್ಸರ್ ಇದ್ದೇ ಇರುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ಇರಲೇಬೇಕು ಅಂತೇನಿಲ್ಲ.

ಸಾಲ ಕೊಟ್ಟವರಲ್ಲಿ ಯಾರಿಗೆ ತೊಂದರೆಯಾದರೂ ಟ್ರ್ಯಾಕ್ಷನ್ ತನ್ನನ್ನು ತಾನೇ ಆಫ್ ಮಾಡಿಕೊಂಡು ಲೈಟ್ ಹಚ್ಚುತ್ತದೆ. ಎಷ್ಟೋ ಸಲ ಆ ಲೈಟಿನ ಕಾಯಿಲೆ ಬೇರೆ ಕಡೆ ಇರುತ್ತದೆ.

ಕೆಂಪು ಬ್ರೇಕ್ ಲೈಟ್ ಜೊತೆಗಿದ್ದರೆ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳದಿ ಟ್ರ್ಯಾಕ್ಷನ್, ಹಳದಿ ಎಬಿಎಸ್ ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದ್ದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಮೇಲಿದೆಯಾ ನೋಡಿ. ಆಯಿಲ್ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪ್ಯಾಡ್ ಸವೆದು ತಳ ಹಿಡಿದಿದೆ. ಆಯಿಲ್ ಸರಿಯಿದ್ದೂ ಕೆಂಪು ಲೈಟ್ ಆರದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚುವ ವ್ಯವಸ್ಥೆಯೇ ಕೈಕೊಟ್ಟಿರಬಹುದು. ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಅಡ್ಡ ತಿರುಗುತ್ತದೆ. ಖಂಬಾಟ್ಕಿ ಘಾಟ್ ಇಳಿಯುವಾಗ ಇದು ಬೇಡ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿದ್ದರಂತೂ ಒಂದು ಕಿಲೋಮೀಟರೂ ಓಡಿಸಬೇಡಿ, ಟೋಯಿಂಗ್ ಕರೆಸಿ.

ಕೆಂಪು ಇಲ್ಲ, ಬರೀ ಹಳದಿ ಅಂದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಸಾವಧಾನವಾಗಿ ಓಡಿಸಿಕೊಂಡು ಹೋಗಬಹುದು. ಎಬಿಎಸ್ ಲೈಟೂ ಹತ್ತಿದ್ದರೆ ಮಾತ್ರ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗಬಹುದು ಅನ್ನೋದು ನೆನಪಿರಲಿ.

ಲೈಟ್ ಮಿಣುಕುತ್ತದೆ, ತಾನೇ ಆರುತ್ತದೆ

ಇದು ದೋಷವಲ್ಲ, ಟ್ರ್ಯಾಕ್ಷನ್ ಕೆಲಸ ಮಾಡುತ್ತಿದೆ ಅಂತ ಹೇಳುವ ರೀತಿ ಇದು. ಮೊದಲ ಮಳೆಗೆ ರಸ್ತೆಯ ಮೇಲಿನ ಆಯಿಲು, ಧೂಳು ಸೇರಿ ಸೋಪಿನ ಹಾಗಾಗಿರುತ್ತದೆ. ಮೆಟ್ರೋ ಕೆಲಸಕ್ಕೆ ಹಾಸಿದ ಕಬ್ಬಿಣದ ಹಲಗೆ, ಸಿಗ್ನಲ್ಲಿನ ಜೀಬ್ರಾ ಬಣ್ಣ, ಇವುಗಳ ಮೇಲೆ ಚಕ್ರ ನಿಂತಿದ್ದಾಗ ಜೋರಾಗಿ ಎತ್ತಿದರೆ ಲೈಟ್ ಎರಡು ಸಲ ಮಿಣುಕುತ್ತದೆ. ಚೋರ್ಲಾ ಘಾಟಿನ ಏರು ತಿರುವಿನಲ್ಲೂ ಅಷ್ಟೇ. ಏರಿನಲ್ಲಿ ಕಾರಿನ ತೂಕ ಹಿಂದಕ್ಕೆ ಹೋಗುತ್ತದೆ, ನಮ್ಮ ಹೆಚ್ಚಿನ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ತಿರುವಿನ ಒಳಬದಿಯ ಚಕ್ರ ಹಗುರಾಗಿ ಸುತ್ತಿಬಿಡುತ್ತದೆ. ಕಾಲ ಕೆಳಗೆ ಗರ್ ಅಂತ ಸದ್ದು, ಪಿಕಪ್ ಒಂದು ಕ್ಷಣ ಸತ್ತಂತೆ ಆಗೋದು, ಎಲ್ಲಾ ಸಹಜ. ಕಾಲು ಸ್ವಲ್ಪ ಸಡಿಲ ಬಿಡಿ.

ಆದರೆ ಒಣ ರಸ್ತೆಯಲ್ಲಿ, ನಿಧಾನವಾಗಿ ಹೋಗುವಾಗಲೂ ಮಿಣುಕಿದರೆ ಟೈರ್ ಕಡೆ ನೋಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ಗಾಳಿ ಅಳೆಯಿರಿ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಎಷ್ಟಿರಬೇಕು ಅಂತ ಬರೆದಿರುತ್ತದೆ. ಗಾಳಿ ಕಡಿಮೆಯಾದ ಅಥವಾ ಸವೆದ ಟೈರಿನ ಸುತ್ತಳತೆ ಚಿಕ್ಕದಾಗುತ್ತದೆ, ಅಷ್ಟೇ ದೂರಕ್ಕೆ ಅದು ಜಾಸ್ತಿ ಸುತ್ತಬೇಕು. ಪಾಪ, ಕಂಪ್ಯೂಟರಿಗೆ ಅದು ಜಾರುತ್ತಿರುವ ಹಾಗೆ ಕಾಣುತ್ತದೆ. ಒಂದೆರಡು ಪಿಎಸ್‌ಐ ವ್ಯತ್ಯಾಸಕ್ಕೆ ಹೀಗಾಗಲ್ಲ. ಹತ್ತು ಇಳಿದಿದ್ದರೆ, ಅಥವಾ ಒಂದೇ ಕಡೆ ಹೊಸ ಟೈರ್ ಹಾಕಿಸಿ ಇನ್ನೊಂದು ಕಡೆ ಬೋಳು ಟೈರ್ ಬಿಟ್ಟಿದ್ದರೆ ಆಗಬಹುದು. ಸಣ್ಣ ಸೈಜಿನ ಸ್ಟೆಪ್ನಿ ಹಾಕಿದಾಗಲೂ ಹೀಗಾಗಬಹುದು. ಮುಂದಿನ ಟೈರ್ ಪಂಚರ್ ಆಗಿ, ಇರುವುದು ಸಣ್ಣ ಸ್ಟೆಪ್ನಿ ಆದರೆ, ಸ್ವಲ್ಪ ಕಷ್ಟವಾದರೂ ಹಿಂದಿನ ಚಕ್ರ ಮುಂದಕ್ಕೆ ಹಾಕಿ ಸ್ಟೆಪ್ನಿಯನ್ನು ಹಿಂದೆ ಹಾಕಿ.

ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಅದು ಮುಗಿದ ಟೈರು. ಕೊಂಕಣದ ಮಳೆಗೆ ನನ್ನ ಪ್ರಕಾರ ಅದಕ್ಕೂ ಮೊದಲೇ ಬದಲಿಸಬೇಕು.

"ಆಫ್" ಅಂತ ಬರೆದಿರುವ ಲೈಟ್ ಆರುತ್ತಿಲ್ಲ

ಯಾರೋ ಬಟನ್ ಒತ್ತಿದ್ದಾರೆ. ಕಾರು ತೊಳೆಯುವವನ ಬಟ್ಟೆ ತಾಗಿರಬಹುದು, ಮಕ್ಕಳು ಒತ್ತಿರಬಹುದು. ಬಟನ್ ಮತ್ತೆ ಒತ್ತಿ, ಅಥವಾ ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿ, ಸಾಮಾನ್ಯವಾಗಿ ತಾನೇ ಆನ್ ಆಗುತ್ತದೆ. ದುಡ್ಡು ಖರ್ಚಾಗದ ರಿಪೇರಿ ಅಂದರೆ ಇದೊಂದೇ.

ಬಟನ್ ಇಟ್ಟಿರುವುದಕ್ಕೆ ಕಾರಣ ಇದೆ. ಗೋವಾದ ಕೆಂಪು ಮಣ್ಣಿನ ಕೆಸರಲ್ಲಿ ಸಿಕ್ಕಿಕೊಂಡಾಗ ಟ್ರ್ಯಾಕ್ಷನ್ ಪದೇಪದೇ ಶಕ್ತಿ ಕತ್ತರಿಸುವುದರಿಂದ ಕಾರು ಅಲ್ಲೇ ಕೊಸರಾಡುತ್ತದೆ. ಆಗ ಆಫ್ ಮಾಡಿದರೆ ಚಕ್ರ ಸುತ್ತಿ ಸುತ್ತಿ ಆಚೆ ಬರುವ ಸಾಧ್ಯತೆ ಇದೆ. ಬಂದ ತಕ್ಷಣ ಆನ್ ಮಾಡಿ. (ಬೀಚಿನ ಮರಳಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಅಲ್ಲಿ ಗಾಡಿ ಇಳಿಸಲು ಅನುಮತಿಯೇ ಇಲ್ಲ, ಪೊಲೀಸರು ಕೇಸ್ ಹಾಕುತ್ತಾರೆ.)

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಲ್ಲಾ ಲೈಟೂ ಒಟ್ಟಿಗೆ

ಟ್ರ್ಯಾಕ್ಷನ್, ಎಬಿಎಸ್, ಸ್ಟೀರಿಂಗ್ ಎಲ್ಲಾ ದೀಪಾವಳಿ ಥರ ಹತ್ತಿಕೊಂಡು, ಸ್ವಲ್ಪ ದೂರ ಓಡಿಸಿದ ಮೇಲೆ ಆರಿದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಈ ಪೆಟ್ಟಿಗೆಗಳೆಲ್ಲ ವೋಲ್ಟೇಜ್ ಇಳಿದರೆ ಕೆಲಸ ಬಿಡುತ್ತವೆ. ಎಲ್ಲಾ ಭಾಗಗಳೂ ಒಂದೇ ದಿನ ಕೆಡುವುದಿಲ್ಲ, ಅಲ್ವಾ?

ಮಲ್ಟಿಮೀಟರ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರಬೇಕು. ಕೆಲವು ಹೊಸ ಕಾರುಗಳು ಪೆಟ್ರೋಲ್ ಉಳಿಸಲು ಚಾರ್ಜಿಂಗನ್ನು ಆಗಾಗ ತಗ್ಗಿಸುತ್ತವೆ, ಅದನ್ನು ನೋಡಿ ಗಾಬರಿಯಾಗಬೇಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಒರೆಸಿ ಗಟ್ಟಿ ಮಾಡಿ. ಸಮುದ್ರದ ಗಾಳಿ ಇರುವ ಕಡೆ ಇದು ಬೇಗ ಕೂರುತ್ತದೆ. ಇಡೀ ವಾರ ಸೊಸೈಟಿ ಪಾರ್ಕಿಂಗಲ್ಲಿ ನಿಂತು ಭಾನುವಾರ ಮಾತ್ರ ಓಡುವ ಕಾರುಗಳಿಗೆ ಇದು ಮಾಮೂಲಿ ರೋಗ.

ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಲೈಟ್ ಹೋಗುತ್ತದೆ ಅನ್ನೋ ಸಲಹೆ ನನಗೆ ಹಿಡಿಸುವುದಿಲ್ಲ. ಕೆಲವು ಕಾರಲ್ಲಿ ಉಳಿದುಕೊಂಡಿದ್ದ ದೋಷದ ಕೋಡ್ ಅಳಿಸಿಹೋಗುತ್ತದೆ, ಕೆಲವದರಲ್ಲಿ ಸ್ಟೀರಿಂಗ್ ಕೋನದ ಲೆಕ್ಕ ಮರೆತು ಹೊಸ ಲೈಟ್ ಬರುತ್ತದೆ.

ಬ್ರೇಕ್ ಒತ್ತಿದರೆ ಹಿಂದಿನ ದೀಪ ಹತ್ತುತ್ತಿಲ್ಲ, ಅಥವಾ ಆರುತ್ತಲೇ ಇಲ್ಲ

ಇದನ್ನು ಹೆಚ್ಚಿನವರು ಟ್ರ್ಯಾಕ್ಷನ್ ಲೈಟಿಗೆ ತಾಳೆ ಹಾಕುವುದೇ ಇಲ್ಲ. ಪೆಡಲ್ ಮೇಲ್ಗಡೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ನೀವು ಬ್ರೇಕ್ ಒತ್ತಿದ್ದೀರೋ ಇಲ್ಲವೋ ಅಂತ ಎಬಿಎಸ್ ಪೆಟ್ಟಿಗೆಗೆ ಗೊತ್ತಾಗುವುದು ಅದರಿಂದಲೇ. ಅದು ಸುಳ್ಳು ಹೇಳಿದರೆ ಟ್ರ್ಯಾಕ್ಷನ್ ಕೈ ಚೆಲ್ಲುತ್ತದೆ, ಕ್ರೂಸ್ ಕಂಟ್ರೋಲೂ ಕೆಲಸ ಮಾಡಲ್ಲ. ಮನೆಯವರನ್ನು ಹಿಂದೆ ನಿಲ್ಲಿಸಿ ಪೆಡಲ್ ಒತ್ತಿ ನೋಡಿ, ಒಂದು ನಿಮಿಷದ ಕೆಲಸ. ಸ್ವಿಚ್ ದುಬಾರಿ ಏನಲ್ಲ. ಆದರೆ ಹಿಂದಿನ ದೀಪ ಇಲ್ಲದೆ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ.

ಟ್ರ್ಯಾಕ್ಷನ್ ಮತ್ತು ಎಬಿಎಸ್ ಜೋಡಿಯಾಗಿ ಹತ್ತಿ ಆರುತ್ತಿಲ್ಲ

ಗ್ಯಾರೇಜಿಗೆ ಬರುವ ಕೇಸುಗಳಲ್ಲಿ ಇದೇ ಜಾಸ್ತಿ. ಹೆಚ್ಚಾಗಿ ಯಾವುದೋ ಒಂದು ಚಕ್ರದ ವೇಗ ತಿಳಿಯುತ್ತಿಲ್ಲ. ಪುಣೆಯ ಮೆಕ್ಯಾನಿಕ್ ಬಾನೆಟ್ ತೆಗೆಯುವ ಮೊದಲೇ "ಸೆನ್ಸರ್ ಗೇಲಾ" (ಸೆನ್ಸರ್ ಹೋಯಿತು) ಅಂದುಬಿಡುತ್ತಾನೆ. ಇರಬಹುದು. ಆದರೆ ಸೆನ್ಸರಿನಿಂದ ಪೆಟ್ಟಿಗೆವರೆಗೆ ವೈರ್ ಇದೆ, ಕನೆಕ್ಟರ್ ಇದೆ, ಸೆನ್ಸರ್ ನೋಡುವ ಹಲ್ಲಿನ ರಿಂಗ್ ಇದೆ. ಯಾವುದು ಅಂತ ತಿಳಿಯದೆ ಸೆನ್ಸರ್ ಬದಲಿಸಿದರೆ ಅದು ಜೂಜು.

ಲೈಟ್ ಯಾವಾಗ ಬರುತ್ತದೆ ಅಂತ ಗಮನಿಸಿದರೇ ಅರ್ಧ ಉತ್ತರ ಸಿಗುತ್ತದೆ. ಮಳೆ ಬಂದಾಗ ಮಾತ್ರ ಬಂದು ಒಣಗಿದ ಮೇಲೆ ಹೋದರೆ ಕನೆಕ್ಟರಿಗೆ ನೀರು ಹೋಗಿದೆ, ಇಲ್ಲವೇ ವೈರಿನ ಮೇಲ್ಪದರ ಸೀಳಿದೆ. ಅಂಧೇರಿ ಸಬ್‌ವೇ ಥರದ ಕಡೆ ನೀರಲ್ಲಿ ಹಾಯಿಸಿದ ಮರುದಿನ ಇದು ಸಾಮಾನ್ಯ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಗುಂಡಿಯಲ್ಲಿ ಇಳಿದಾಗ ಬಂದರೆ ವೈರ್ ಒಳಗೆ ತುಂಡಾಗಿದೆ, ಹೊರಗಿನಿಂದ ಚೆನ್ನಾಗಿ ಕಾಣುತ್ತದೆ, ಎಳೆದಾಗ ಮಾತ್ರ ಬಿಡುತ್ತದೆ. ಬೇರಿಂಗ್ ಅಥವಾ ಬ್ರೇಕ್ ಕೆಲಸ ಮಾಡಿಸಿದ ದಿನವೇ ಶುರುವಾಗಿದ್ದರೆ ಕೆಲಸ ಮಾಡಿದವರ ಹತ್ತಿರವೇ ವಾಪಸ್ ಹೋಗಿ. ಈಗಿನ ಎಷ್ಟೋ ಕಾರುಗಳಲ್ಲಿ ಹಲ್ಲಿನ ರಿಂಗ್ ಬದಲು ಬೇರಿಂಗಿನ ಒಂದು ಮಗ್ಗುಲಿಗೇ ಆಯಸ್ಕಾಂತದ ಪಟ್ಟಿ ಇರುತ್ತದೆ, ಆ ಮಗ್ಗುಲು ಸೆನ್ಸರಿನ ಕಡೆಗೆ ಬರಬೇಕು. ತಿರುಗಿಸಿ ಕೂರಿಸಿದರೆ ಬೇರಿಂಗ್ ಮೆತ್ತಗೆ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣಲ್ಲ. ಪಿನ್ನನ್ನು ಹತ್ತಿರ ಹಿಡಿದರೆ ಆಯಸ್ಕಾಂತದ ಮಗ್ಗುಲು ಎಳೆಯುತ್ತದೆ, ಕೂರಿಸುವ ಮೊದಲೇ ನೋಡಿಕೊಂಡರೆ ಆಯಿತು. ಇನ್ನು ಗಾಡಿ ನಿಂತಲ್ಲೇ ಬಂದ ಲೈಟಾದರೆ ಹೆಗ್ಗಣ. ತಮಾಷೆಯಲ್ಲ. ಮುಂಬೈ, ಪುಣೆಯ ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಇವು ವೈರ್ ಕಡಿಯುತ್ತವೆ.

ಸ್ವಂತವಾಗಿ ನೋಡುವುದಾದರೆ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ಇಣುಕಿ. ಸಸ್ಪೆನ್ಷನ್ ಗುಂಟ ಒಂದು ಸಣ್ಣ ಕಪ್ಪು ವೈರ್ ಬರುತ್ತದೆ. ಕ್ಲಿಪ್ಪಿನಿಂದ ಕಳಚಿ ಟೈರಿಗೆ ಉಜ್ಜುತ್ತಿದೆಯಾ, ಕಡಿದಿದೆಯಾ ನೋಡಿ. ಕೆಸರು ಮೆತ್ತಿದ್ದರೆ ಸಾದಾ ನೀರಲ್ಲಿ ತೊಳೆಯಿರಿ, ಪ್ರೆಷರ್ ವಾಷರನ್ನು ನೇರವಾಗಿ ಕನೆಕ್ಟರ್ ಮೇಲೆ ಬಿಡಬೇಡಿ. ಚಕ್ರ ಬಿಚ್ಚುವುದಾದರೆ ಸಮತಟ್ಟಾದ ನೆಲ ಇರಲಿ, ಎದುರಿನ ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ, ಜಾಕ್ ಇರುವುದು ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ. ಸೆನ್ಸರ್ ಹೊರಬರದಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ಕರಾವಳಿಯ ಉಪ್ಪಿಗೆ ಅದು ಕೂತ ತೂತಿನಲ್ಲೇ ತುಕ್ಕು ಹಿಡಿದು ಬಿಗಿದಿರುತ್ತದೆ, ತಲೆ ಮುರಿದು ತುದಿ ಒಳಗೇ ಉಳಿಯುತ್ತದೆ, ಆಮೇಲೆ ಡ್ರಿಲ್ ಹೊಡೆಯಬೇಕು.

ಮಲ್ಟಿಮೀಟರ್ ಹಿಡಿಯುವವರಿಗೆ ಒಂದು ಮಾತು. ಹಳೆಯ ಮಾದರಿಯ, ಒಳಗೆ ಬರೀ ಸುರುಳಿ ಇರುವ ಸೆನ್ಸರಿನಲ್ಲಿ ಸಾಮಾನ್ಯವಾಗಿ ಒಂದು ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಹೊಸ ಮಾದರಿಯದರಲ್ಲಿ ಎಲೆಕ್ಟ್ರಾನಿಕ್ಸ್ ಇರುತ್ತದೆ, ಅದನ್ನು ಓಮ್ ಅಳತೆಯಲ್ಲಿ ನೋಡಿದರೆ ಏನೂ ತಿಳಿಯಲ್ಲ, ಕೆಡುವ ಸಾಧ್ಯತೆಯೂ ಇದೆ.

ಸುಲಭದ ದಾರಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಯಂತ್ರ. ಆನ್‌ಲೈನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಬ್ಬಿಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಕೋಡ್ ಓದುವುದಿಲ್ಲ. ಅದರಲ್ಲಿ "ದೋಷ ಇಲ್ಲ" ಅಂತ ಬಂದರೆ ನಂಬಬೇಡಿ. ಗ್ಯಾರೇಜಿನ ಸ್ಕ್ಯಾನರಿನಲ್ಲಿ ಸಿ0035 ಬಂದರೆ ಎಡ ಮುಂದಿನ ಚಕ್ರ, ಸಿ0040 ಬಲ ಮುಂದಿನದು, ಸಿ0045 ಎಡ ಹಿಂದಿನದು, ಸಿ0050 ಬಲ ಹಿಂದಿನದು. ಕಂಪನಿಗಳು ತಮ್ಮದೇ ಕೋಡ್ ಬಳಸುವುದೂ ಉಂಟು. ಕೋಡ್ ಚಕ್ರದ ಹೆಸರು ಹೇಳುತ್ತದೆ, ಕೆಟ್ಟ ಭಾಗದ ಹೆಸರಲ್ಲ. ಅದಕ್ಕೇ ಲೈವ್ ಡೇಟಾ ತೋರಿಸಿ ಅಂತ ಕೇಳಿ. ನೇರ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ಓಡಿಸಿದಾಗ ನಾಲ್ಕೂ ಚಕ್ರ ಹೆಚ್ಚುಕಡಿಮೆ 20 ಅಂತಲೇ ತೋರಿಸಬೇಕು. ಒಂದು ಸೊನ್ನೆಯಲ್ಲಿ ನಿಂತಿದ್ದರೆ ವೈರ್ ಅಥವಾ ಸೆನ್ಸರ್. ಒಂದು ಮಾತ್ರ ಕುಣಿಯುತ್ತಿದ್ದರೆ ರಿಂಗ್ ಅಥವಾ ಬೇರಿಂಗ್.

ನಿಲ್ಲುವ ಹೊತ್ತಿಗೆ ಪೆಡಲ್ ನಡುಗುತ್ತದೆ

ಒಣ ರಸ್ತೆ, ನಿಧಾನದ ಬ್ರೇಕು, ಇನ್ನೇನು ಕಾರು ನಿಲ್ಲಬೇಕು ಅನ್ನುವಾಗ ಕಾಲಡಿ ಗರಗರ. ಲೈಟ್ ಹತ್ತಿರಬೇಕೆಂದಿಲ್ಲ. ಹಲ್ಲಿನ ರಿಂಗ್ ಸೀಳಿರಬಹುದು, ಅದರಡಿ ತುಕ್ಕು ಉಬ್ಬಿರಬಹುದು, ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು. ಕಡಿಮೆ ವೇಗದಲ್ಲಿ ಸಿಗ್ನಲ್ ಮೊದಲೇ ಕ್ಷೀಣ, ಒಂದು ಹಲ್ಲು ತಪ್ಪಿದರೆ ಚಕ್ರ ಲಾಕ್ ಆಯಿತು ಅಂತ ಕಂಪ್ಯೂಟರ್ ತಿಳಿದು ಬ್ರೇಕ್ ಸಡಿಲಿಸುತ್ತದೆ. ಸಡಿಲಿಸುತ್ತದೆ ಅನ್ನೋದೇ ಅಪಾಯ. ಸಿಗ್ನಲ್ಲಿನಲ್ಲಿ ಮುಂದಿನ ರಿಕ್ಷಾಕ್ಕೆ ಮುತ್ತಿಡುವ ಮೊದಲು ತೋರಿಸಿ, ಇದನ್ನು ತಿಂಗಳುಗಟ್ಟಲೆ ಬಿಡುವಂಥದ್ದಲ್ಲ.

ಎಂಜಿನ್ ಲೈಟಿನ ಜೊತೆ ಬಂದರೆ

ಆಗ ಟ್ರ್ಯಾಕ್ಷನ್ ಬಗ್ಗೆ ಯೋಚಿಸಲೇ ಬೇಡಿ, ಎಂಜಿನ್ ನೋಡಿಸಿ. ಎಂಜಿನ್ ಕಂಪ್ಯೂಟರಿಗೇ ಸರಿಯಿಲ್ಲದಾಗ ಶಕ್ತಿ ಇಳಿಸು ಅಂದರೆ ಅದು ಕೇಳುವ ಸ್ಥಿತಿಯಲ್ಲಿಲ್ಲ, ಹಾಗಾಗಿ ಟ್ರ್ಯಾಕ್ಷನ್ ಹಿಂದೆ ಸರಿಯುತ್ತದೆ. ಕಾಯಿಲ್, ಸ್ಪಾರ್ಕ್ ಪ್ಲಗ್, ಕೊಳೆ ಕೂತ ಥ್ರಾಟಲ್, ಇಂಥ ಕಾರಣಗಳು. ಇಲ್ಲಿ ಅಗ್ಗದ ಬ್ಲೂಟೂತ್ ಡಬ್ಬಿ ಉಪಯೋಗಕ್ಕೆ ಬರುತ್ತದೆ. ಎಂಜಿನ್ ಲೈಟ್ ಮಿಣುಕುತ್ತಾ ಗಾಡಿ ಕುಲುಕಿದರೆ ಓಡಿಸುವುದು ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಆ ಬಿಲ್ಲು ದೊಡ್ಡದು.

ಅಲೈನ್‌ಮೆಂಟ್ ಮಾಡಿಸಿದ ಮೇಲೆ ಶುರುವಾಯಿತು

ಇಎಸ್‌ಪಿ ಇರುವ ಕಾರಿಗೆ ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಹೇಳುವ ಸೆನ್ಸರ್ ಇರುತ್ತದೆ. ಕಾರು ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟ ಇದ್ದರೆ ಲೆಕ್ಕ ತಾಳೆಯಾಗಲ್ಲ. ಕೆಲವು ಕಾರುಗಳಲ್ಲಿ ಎಂಜಿನ್ ಆನ್ ಇಟ್ಟು ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿದರೆ ತಾನೇ ಸರಿಹೋಗುತ್ತದೆ. ಇಲ್ಲದಿದ್ದರೆ ಸ್ಕ್ಯಾನರಿನಲ್ಲಿ ಸೊನ್ನೆ ಹಿಡಿಸಬೇಕು. ಸ್ಟೀರಿಂಗ್ ಬಿಚ್ಚುವ ಸಾಹಸ ಮನೆಯಲ್ಲಿ ಬೇಡ. ಅಲ್ಲಿ ಏರ್‌ಬ್ಯಾಗ್ ಇದೆ, ಹಳದಿ ಕನೆಕ್ಟರ್ ಮುಟ್ಟಲೇಬೇಡಿ.

ಇನ್ನೊಂದು ವಿಷಯ. ಏರಿನಲ್ಲಿ ಕಾರನ್ನು ಎರಡು ಸೆಕೆಂಡ್ ಹಿಡಿದು ನಿಲ್ಲಿಸುವ ಹಿಲ್ ಹೋಲ್ಡ್ ಕೂಡ ಇದೇ ವ್ಯವಸ್ಥೆಯದು. ಲೈಟ್ ಹತ್ತಿದ್ದರೆ ಅದೂ ಇರುವುದಿಲ್ಲ ಅಂದುಕೊಳ್ಳಿ. ಖಂಡಾಲಾ ಘಾಟಿನ ಜಾಮಿನಲ್ಲಿ ರೂಢಿಯಂತೆ ಬ್ರೇಕಿನಿಂದ ಕಾಲು ತೆಗೆದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಬಳಸಿ.

ಎಲ್ಲಾ ಸರಿಯಿದೆ, ಆದರೂ ಲೈಟ್ ಇದೆ

ಕೊನೆಗೆ ಉಳಿಯುವುದು ಎಬಿಎಸ್ ಪೆಟ್ಟಿಗೆಯೇ. ಸ್ಕ್ಯಾನರಿಗೆ ಅದು ಉತ್ತರವನ್ನೇ ಕೊಡದಿದ್ದರೆ, ಅದು ಮಾತಾಡುತ್ತಿಲ್ಲ ಅಂತ ಬೇರೆ ಪೆಟ್ಟಿಗೆಗಳು ಯು0121 ಕೋಡಿನಲ್ಲಿ ದೂರು ಹೇಳುತ್ತಿದ್ದರೆ, ಮೊದಲು ಅದರ ಫ್ಯೂಸ್ ಮತ್ತು ಅರ್ಥ್ ವೈರ್ ನೋಡಿಸಿ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ದು ಹಾಕಿ, ದೊಡ್ಡದು ಹಾಕಬೇಡಿ. ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ, ಆಟೋ ಎಲೆಕ್ಟ್ರಿಷಿಯನ್ ಕೆಲಸ. ಪೆಟ್ಟಿಗೆ ನಿಜಕ್ಕೂ ಹೋಗಿದ್ದರೆ ಹೊಸದು ದುಬಾರಿ. ಬರೀ ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿ ಮಾಡುವವರೂ ಇದ್ದಾರೆ, ಕೇಳಿ ನೋಡಬಹುದು. ಗುಜರಿಯಿಂದ ತಂದದ್ದು ಬೇರೆ ಕಾರಿನ ಕೋಡಿಂಗ್ ಹೊತ್ತು ಬರುತ್ತದೆ, ಹಾಕಿದ ಮಾತ್ರಕ್ಕೆ ಕೆಲಸ ಮಾಡಲ್ಲ. ಪೈಪ್ ಬಿಚ್ಚಿದ ಮೇಲೆ ಒಳಗಿನ ಗಾಳಿ ತೆಗೆಯಲು ಹೆಚ್ಚಿನ ಕಾರುಗಳಿಗೆ ಸ್ಕ್ಯಾನರೇ ಬೇಕು, ಆದ್ದರಿಂದ ಇದನ್ನು ರಸ್ತೆ ಬದಿಯ ಗ್ಯಾರೇಜಿಗೆ ಕೊಡಬೇಡಿ.

ಮೆಕ್ಯಾನಿಕ್ ಹತ್ತಿರ ಮಾತಾಡುವಾಗ "ಕುಠಲಾ? ಕೋಡ್ ದಾಖವಾ" ಅಂತ ಕೇಳಿ, ಯಾವ ಚಕ್ರದ್ದು, ಕೋಡ್ ತೋರಿಸಿ ಅಂತ. ಕೋಡಿನ ಫೋಟೊ ತೆಗೆದುಕೊಳ್ಳಿ. ಬಿಚ್ಚಿದ ಹಳೆಯ ಭಾಗ ಕೈಗೆ ಕೊಡಿ ಅನ್ನಿ. ರಿಪೇರಿ ಮುಗಿದ ಮೇಲೂ ಲೈಟ್ ಇದೆಯೆಂದು ಅಲ್ಲೇ ಜಗಳ ಶುರು ಮಾಡಬೇಡಿ. ಎಷ್ಟೋ ಕಾರುಗಳಲ್ಲಿ ಚಕ್ರ ನಿಜವಾಗಿ ತಿರುಗಿ, ಸುಮಾರು 20 ಕಿಲೋಮೀಟರ್ ವೇಗ ದಾಟಿ, ಎಲ್ಲಾ ಸಿಗ್ನಲ್ ಸರಿ ಅಂತ ಗೊತ್ತಾದ ಮೇಲೇ ಲೈಟ್ ಆರುವುದು. ಮೆಕ್ಯಾನಿಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೊಡೆದು ಬನ್ನಿ, ಗುಂಡಿ ಇರುವ ರಸ್ತೆಯಲ್ಲೇ ಹೋಗಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ದುಡ್ಡು ಆಮೇಲೆ ಕೊಡಿ.